ಮುಖ ನೋಡಿ ಕ್ರಾಪು ಹಾಕು!

ಭಾನುವಾರ ಬೆಳಿಗ್ಗೆ ಕಟಿಂಗ್ ಶಾಪಿನ ಬೆಂಚಿನ ಮೇಲೆ ಅಪ್ಪ-ಮಕ್ಕಳ ಜೋಡಿಗಳು ಸಾಲಾಗಿ ಕೂತಿರುತ್ತವೆ. "ಚೆನ್ನಾಗಿ ಸಣ್ಣಗೆ ಹೊಡೀಪ್ಪಾ, ಎರಡು ತಿಂಗಳು ಇತ್ತ ಕಡೆ ಬರಬಾರದು" ಎಂಬುದು ಅಪ್ಪನ ಬೇಡಿಕೆ. ಮಗನ ಮೊಬೈಲಿನಲ್ಲಿ ಯಾವುದೋ ಕ್ರಿಕೆಟ್ ಆಟಗಾರನ ಚಿತ್ರ. "ಅಣ್ಣಾ, ಇದೇ ಥರ ಮಾಡಿ" ಎಂಬುದು ಅವನ ಪಿಸುಮಾತು. ಅದೇ ಹೊತ್ತಿಗೆ ಮನೆಯಲ್ಲಿ ಮಗಳು ಕನ್ನಡಿಯ ಮುಂದೆ ನಿಂತು, "ಅಮ್ಮಾ, ನನ್ನ ಮುಖ ತೀರಾ ಗುಂಡಗಿದೆ ಅಲ್ವಾ?" ಎಂದು ಕೇಳುತ್ತಾಳೆ. "ಹೂಂ ಕಣೇ, ನಿಮ್ಮಜ್ಜಿ ಥರ ಪೂರಿ ಮುಖ" ಎಂದು ತಾಯಿ ನಗುತ್ತಾಳೆ. ನಕ್ಕವಳು ಮರೆತುಬಿಡುತ್ತಾಳೆ. ಕೇಳಿದವಳು ಮರೆಯುವುದಿಲ್ಲ.

ಓದುವ ಮಕ್ಕಳಿಗೆ ಕೂದಲಿನ ಉಸಾಬರಿ ಯಾಕೆ ಎಂದು ಕೇಳುವ ಪಾಲಕರು ಬಹಳ. ಆದರೆ ತನ್ನ ಹಣೆ ಅಗಲ, ತನ್ನ ಮುಖ ಕುದುರೆಯಷ್ಟು ಉದ್ದ ಎಂದು ನಂಬಿಕೊಂಡ ಹುಡುಗನ ಅರ್ಧ ಗಮನ ತರಗತಿಯಲ್ಲಿ ಪಾಠದ ಕಡೆ ಇರುವುದಿಲ್ಲ, ಪಕ್ಕದವರು ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂಬುದರ ಕಡೆ ಇರುತ್ತದೆ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಇದು ಹೊಸದೂ ಅಲ್ಲ, ತಪ್ಪೂ ಅಲ್ಲ. ಹಾಗಿದ್ದ ಮೇಲೆ ಬೈಯುವುದಕ್ಕಿಂತ ಅಳೆದು ನೋಡುವುದು ಮೇಲು. ಮುಖದ ಆಕಾರವೆಂಬುದು ಕೊನೆಗೂ ರೇಖಾಗಣಿತದ ವಿಷಯ ತಾನೆ?

ಅಳತೆಗೆ ಬೇಕಾದ ಉಪಕರಣ ಎಲ್ಲರ ಮನೆಯಲ್ಲೂ ಇದೆ: ಒಂದು ಕನ್ನಡಿ, ಒಂದು ಚೂರು ಸೋಪು, ಒಂದು ಸ್ಕೇಲು. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಕಟ್ಟಿ, ಗೋಡೆಗೆ ನೇರವಾಗಿ ತೂಗುಹಾಕಿದ ಕನ್ನಡಿಯ ಮುಂದೆ ನಿಲ್ಲಬೇಕು. ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ, ಕನ್ನಡಿಯಲ್ಲಿ ಕಾಣುವ ಮುಖದ ಅಂಚನ್ನು ಸೋಪಿನಿಂದ ಕನ್ನಡಿಯ ಮೇಲೇ ಗೆರೆ ಎಳೆದು ಗುರುತು ಮಾಡಬೇಕು. ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯಿಂದ ಗದ್ದದ ತುದಿಯವರೆಗೆ ಒಂದು ಸುತ್ತು. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆಯನ್ನು ನೋಡಿದರೆ ಮೊದಲ ಆಶ್ಚರ್ಯ ಕಾದಿರುತ್ತದೆ. ಅದು ಅಂಗೈಗಿಂತ ದೊಡ್ಡದಿರುವುದಿಲ್ಲ! ಹದಿನೆಂಟು ಸೆಂಟಿಮೀಟರ್ ಉದ್ದದ ಮುಖ ಕನ್ನಡಿಯ ಮೇಲೆ ಒಂಬತ್ತೇ ಸೆಂಟಿಮೀಟರ್.

ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೂ ಇದು ಬದಲಾಗುವುದಿಲ್ಲ. ಪ್ರತಿಬಿಂಬವು ಕನ್ನಡಿಯ ಹಿಂದೆ, ನಾವು ಮುಂದೆ ಇರುವಷ್ಟೇ ದೂರದಲ್ಲಿರುತ್ತದೆ ಎಂದು ಹೈಸ್ಕೂಲಿನ ಪಾಠದಲ್ಲಿದೆ. ಅಂದರೆ ಕಣ್ಣಿನಿಂದ ಪ್ರತಿಬಿಂಬಕ್ಕಿರುವ ದಾರಿಯ ಸರಿಯಾಗಿ ಅರ್ಧದಲ್ಲಿ ಕನ್ನಡಿಯ ಮೈ ಇದೆ. ಎರಡು ಸಮರೂಪ ತ್ರಿಕೋನಗಳನ್ನು ಬರೆದರೆ ಗೆರೆಯ ಅಳತೆ ಮುಖದ ಅರ್ಧಕ್ಕೆ ಬಂದು ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವವರೂ ಇದನ್ನು ಗಮನಿಸಿರುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿ ಶತಮಾನಗಳಿಂದ ಅಂಗೈಯಗಲದ ಕನ್ನಡಿ ಹಿಡಿದು ನಿಂತಿದ್ದಾಳೆ. ಮುಖವಷ್ಟೇ ಕಾಣಬೇಕಾದರೆ ಅದಕ್ಕಿಂತ ದೊಡ್ಡ ಕನ್ನಡಿ ಬೇಕಾಗಿಯೂ ಇಲ್ಲ.

ಸೋಪಿನ ಗೆರೆ ಅರ್ಧದಷ್ಟಿದ್ದರೂ ಆಕಾರ ಮಾತ್ರ ನಿಜ. ಈಗ ನಾಲ್ಕು ಅಳತೆ ಸಾಕು: ಉದ್ದ, ಹಣೆಯ ಅಗಲ, ಕೆನ್ನೆಯ ಮೂಳೆಯ ಬಳಿ ಅಗಲ, ದವಡೆಯ ಅಗಲ. ಉದ್ದವು ಅಗಲದ ಸುಮಾರು ಒಂದೂವರೆಯಷ್ಟಿದ್ದು ಅಂಚು ನಯವಾಗಿ ಬಾಗಿದ್ದರೆ ಅದನ್ನು ಮೊಟ್ಟೆಯಾಕಾರ ಎನ್ನುತ್ತಾರೆ. ಉದ್ದ-ಅಗಲ ಹತ್ತಿರ ಹತ್ತಿರವಿದ್ದು ದವಡೆ ದುಂಡಗಿದ್ದರೆ ಗುಂಡು ಮುಖ, ದವಡೆಯ ಮೂಲೆ ಎದ್ದು ಕಂಡರೆ ಚೌಕ ಮುಖ. ಉದ್ದ ಒಂದೂವರೆ ಪಾಲಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಉದ್ದ ಮುಖ. ಹಣೆ ಅಗಲವಾಗಿ, ಕೆಳಗೆ ಬರುತ್ತ ಗದ್ದ ಚೂಪಾದರೆ ಬ್ಯೂಟಿ ಪಾರ್ಲರಿನವರು ಹೃದಯದ ಆಕಾರ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ತೊಟ್ಟು ಮೇಲೆ ಮಾಡಿ ಹಿಡಿದ ವೀಳ್ಯದೆಲೆ. ಬಹಳ ಮಂದಿಯ ಮುಖ ಇವುಗಳ ಯಾವ ಒಂದು ಖಾನೆಗೂ ಪೂರ್ತಿ ಸೇರದೆ ಎರಡರ ನಡುವೆ ಬೀಳುತ್ತದೆ. ಅದರಿಂದ ನಷ್ಟವೇನೂ ಇಲ್ಲ.

ವಿದ್ಯಾರ್ಥಿಗಳು ಗೆರೆಯ ಪಕ್ಕದಲ್ಲಿ ಇಸವಿಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಎಂಟನೆಯ ತರಗತಿಯ ಮುಖ ಪಿಯುಸಿಗೆ ಉಳಿಯುವುದಿಲ್ಲ. ತಲೆಬುರುಡೆಯ ಬೆಳವಣಿಗೆ ಬಾಲ್ಯದಲ್ಲೇ ಬಹುಪಾಲು ಮುಗಿದಿರುತ್ತದೆ. ಕೆಳದವಡೆ ಹಾಗಲ್ಲ. ಅದು ಹದಿಹರೆಯದಲ್ಲಿ ಮತ್ತೆ ಜೋರಾಗಿ ಬೆಳೆಯುತ್ತದೆ, ಹುಡುಗಿಯರಲ್ಲಿ ಸ್ವಲ್ಪ ಮೊದಲು, ಹುಡುಗರಲ್ಲಿ ತಡವಾಗಿ, ಹದಿನೆಂಟು ದಾಟಿಯೂ. ಇಂದಿನ ಗುಂಡು ಕೆನ್ನೆ ನಾಲ್ಕು ವರ್ಷದಲ್ಲಿ ಮೊಟ್ಟೆಯಾಕಾರಕ್ಕೆ ಬರಬಹುದು. ಪೂರಿ ಮುಖ ಎಂದು ಹೆಸರಿಟ್ಟ ಮನೆಯವರಿಗೆ ಇದು ತಿಳಿದಿರಬೇಕು. ಮುಖ ಬದಲಾದ ಮೇಲೂ ಹೆಸರು ಮಾತ್ರ ಮಗುವಿನ ತಲೆಯಲ್ಲಿ ಉಳಿದುಬಿಡುತ್ತದೆ.

ಸೋಪು, ಸ್ಕೇಲಿನ ಗೋಜು ಏಕೆ, ಮೊಬೈಲಿನಲ್ಲಿ ಸೆಲ್ಫಿ ತೆಗೆದು ನೋಡಿದರಾಯಿತಲ್ಲ ಎನ್ನಬಹುದು. ಅಲ್ಲೇ ಮೋಸ. ಕೈಯಳತೆಯಲ್ಲಿ, ಮೂಗಿನ ತುದಿಯಿಂದ 30 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇದೆ ಎನ್ನೋಣ. ಕಿವಿ ಮೂಗಿನ ತುದಿಗಿಂತ ಸುಮಾರು 12 ಸೆಂಟಿಮೀಟರ್ ಹಿಂದಿದೆ, ಅಂದರೆ ಕ್ಯಾಮೆರಾದಿಂದ 42 ಸೆಂಟಿಮೀಟರ್. ವಸ್ತು ದೂರವಾದಷ್ಟೂ ಚಿಕ್ಕದಾಗಿ ಕಾಣುತ್ತದೆ. 30ನ್ನು 42ರಿಂದ ಭಾಗಿಸಿದರೆ 0.71. ಮೂಗಿಗೆ ಹೋಲಿಸಿದರೆ ಕಿವಿಯ ಭಾಗ ಶೇಕಡ 29ರಷ್ಟು ಕುಗ್ಗಿ ಕಾಣುತ್ತದೆ ಎಂದಾಯಿತು. ಅದೇ ಕ್ಯಾಮೆರಾ ಒಂದೂವರೆ ಮೀಟರ್ ದೂರದಲ್ಲಿದ್ದರೆ 150 ಭಾಗಿಸು 162, ಎಂದರೆ 0.93. ಕುಗ್ಗುವುದು ಶೇಕಡ ಏಳರಷ್ಟು ಮಾತ್ರ. ಆದ್ದರಿಂದಲೇ ಸೆಲ್ಫಿಯಲ್ಲಿ ಮೂಗು ದಪ್ಪ, ಮುಖ ಕಿರಿದು. ತನ್ನ ಮೂಗು ಆಲೂಗಡ್ಡೆಯಂತಿದೆ ಎಂದು ಕೊರಗುವ ಹುಡುಗನಿಗೆ ಬೇಕಾದುದು ವೈದ್ಯರಲ್ಲ, ಒಂದೂವರೆ ಮೀಟರ್ ಆಚೆ ನಿಂತು ಫೋಟೋ ತೆಗೆಯುವ ಒಬ್ಬ ಗೆಳೆಯ.

ದೂರದಿಂದ ತೆಗೆದ ಫೋಟೋದಲ್ಲೂ ತಮ್ಮ ಮುಖ ಏನೋ ಸೊಟ್ಟಗಿದೆ ಎನ್ನಿಸುವವರಿದ್ದಾರೆ. ಅದಕ್ಕೆ ಕಾರಣ ಬೇರೆ. ಯಾರ ಮುಖವೂ ಎಡ-ಬಲ ಒಂದೇ ಸಮ ಇರುವುದಿಲ್ಲ. ಹುಟ್ಟಿದಾಗಿನಿಂದ ಮನುಷ್ಯ ತನ್ನ ಮುಖವನ್ನು ಕನ್ನಡಿಯಲ್ಲಿ ಎಡ-ಬಲ ಅದಲುಬದಲಾಗಿಯೇ ನೋಡಿರುತ್ತಾನೆ. ಫೋಟೋದಲ್ಲಿ ಅದು ನೇರವಾದಾಗ ಬೈತಲೆ ಕೂಡ ಇನ್ನೊಂದು ಬದಿಗೆ ಹೋಗಿ, ಮುಖ ಅಪರಿಚಿತವೆನಿಸುತ್ತದೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ತಮ್ಮ ಮುಖದ ಎರಡು ಬಗೆಯ ಚಿತ್ರಗಳನ್ನು ಮುಂದಿಟ್ಟಾಗ ಜನ ಹೆಚ್ಚಾಗಿ ಕನ್ನಡಿಯ ರೂಪವನ್ನೇ ಮೆಚ್ಚಿದರು. ಅವರ ಸ್ನೇಹಿತರು ಮೆಚ್ಚಿದ್ದು ನೇರ ರೂಪವನ್ನು, ಅಂದರೆ ತಾವು ದಿನಾ ನೋಡುವ ಮುಖವನ್ನು. ಫೋಟೋದಲ್ಲಿ ತನಗೆ ಕಾಣುವ ಸೊಟ್ಟ ಪಕ್ಕದ ಬೆಂಚಿನವರಿಗೆ ಕಾಣುವುದೇ ಇಲ್ಲ!

ಆಕಾರ ಗೊತ್ತಾಯಿತು. ಕೂದಲು ಅದನ್ನು ಬದಲಿಸೀತು ಹೇಗೆ? ಮೂಳೆಯನ್ನಂತೂ ಬದಲಿಸುವುದಿಲ್ಲ, ನೋಡುವವರ ಅಂದಾಜನ್ನು ಬದಲಿಸುತ್ತದೆ. ನೋಟ್‌ಬುಕ್ಕಿನಲ್ಲಿ ಒಂದೇ ಉದ್ದದ ಎರಡು ಗೆರೆ ಎಳೆದು, ಒಂದರ ತುದಿಗಳಿಗೆ ಒಳಮುಖವಾಗಿ ಮಡಿಸಿದ ಬಾಣದ ರೆಕ್ಕೆ, ಇನ್ನೊಂದಕ್ಕೆ ಹೊರಮುಖವಾಗಿ ಚಾಚಿದ ರೆಕ್ಕೆ ಬರೆದರೆ, ಎರಡನೆಯದೇ ಉದ್ದವಾಗಿ ಕಾಣುತ್ತದೆ. ಸ್ಕೇಲಿಟ್ಟು ಅಳೆದ ಮೇಲೂ ಕಣ್ಣು ಒಪ್ಪುವುದಿಲ್ಲ. 1889ರಲ್ಲಿ ಜರ್ಮನಿಯ ಮ್ಯುಲ್ಲರ್-ಲೈಯರ್ ಪ್ರಕಟಿಸಿದ ಈ ಭ್ರಮೆ ಇಂದಿಗೂ ಮನಶ್ಶಾಸ್ತ್ರದ ಪುಸ್ತಕಗಳಲ್ಲಿದೆ. ಕಣ್ಣು ಯಾವುದನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಅಕ್ಕಪಕ್ಕದ್ದರ ಜೊತೆ ಹೋಲಿಸಿಯೇ ಅಳೆಯುತ್ತದೆ. ಮುಖದ ಅಕ್ಕಪಕ್ಕ ಮತ್ತು ಮೇಲೆ ಇರುವುದು ಕೂದಲೇ. ಚಿತ್ರಕ್ಕೆ ಚೌಕಟ್ಟು ಇದ್ದಂತೆ.

ಇದಕ್ಕೆ ಹಿಂದಿ ಚಿತ್ರರಂಗದ ಸಾಧನಾ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. 1960ರಲ್ಲಿ ತೆರೆಕಂಡ 'ಲವ್ ಇನ್ ಸಿಮ್ಲಾ' ಚಿತ್ರಕ್ಕೆ ಅವರನ್ನು ಆರಿಸಿದಾಗ ನಿರ್ದೇಶಕ ಆರ್. ಕೆ. ನಯ್ಯರ್ ಅವರಿಗೆ ಆಕೆಯ ಹಣೆ ಕ್ಯಾಮೆರಾದಲ್ಲಿ ತೀರಾ ಅಗಲವೆನಿಸಿತು. ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಅವರಂತೆ ಹಣೆಯ ಮೇಲೆ ಕೂದಲು ಇಳಿಬಿಡುವ ಉಪಾಯ ಹೂಡಿದರು. ಅಲ್ಲಿಂದ 'ಸಾಧನಾ ಕಟ್' ಎಂಬುದು ದೇಶದ ಮೂಲೆಮೂಲೆಗೂ ಹರಡಿತು. ಅಗಲ ಹಣೆ ಇದ್ದವರೂ ಮಾಡಿಸಿಕೊಂಡರು, ಇಲ್ಲದವರೂ ಮಾಡಿಸಿಕೊಂಡರು! ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಅದೇ 1960ರಲ್ಲಿ ಬಿಮಲ್ ರಾಯ್ ಅವರ 'ಪರಖ್' ಚಿತ್ರದಲ್ಲಿ ಇದೇ ಸಾಧನಾ ಹಳ್ಳಿಯ ಹುಡುಗಿಯ ಸರಳ ವೇಷದಲ್ಲಿ ಕಾಣಿಸಿಕೊಂಡರು. ಆ ರೂಪವನ್ನೂ ಜನ ಮೆಚ್ಚಿದರು. ಹಣೆಯ ಅಳತೆ ಎರಡು ಚಿತ್ರಗಳಲ್ಲೂ ಒಂದೇ ಆಗಿತ್ತಷ್ಟೆ!

ಗುಂಡು ಮುಖಕ್ಕೆ ಎತ್ತರ ಬೇಕು, ಅಗಲ ಬೇಡ. ಹುಡುಗರಾದರೆ ಕಿವಿಯ ಮೇಲೆ ಸಣ್ಣಗೆ ಮಾಡಿಸಿ ನೆತ್ತಿಯ ಮೇಲೆ ಸ್ವಲ್ಪ ಉಳಿಸಿಕೊಳ್ಳುವುದು, ಹುಡುಗಿಯರಾದರೆ ಓರೆ ಬೈತಲೆ ತೆಗೆದು ಕೆನ್ನೆಯ ಪಕ್ಕ ಕೂದಲು ಉಬ್ಬದಂತೆ ನೋಡಿಕೊಳ್ಳುವುದು. ಉದ್ದ ಮುಖಕ್ಕೆ ಇದರ ತಿರುಗುಮುರುಗು. ಹಣೆಯ ಮೇಲೆ ಒಂದಿಷ್ಟು ಇಳಿಬಿಟ್ಟರೆ ಉದ್ದದ ಒಂದು ಭಾಗವೇ ಮರೆಯಾಗುತ್ತದೆ, ಕಿವಿಯ ಬಳಿ ಸ್ವಲ್ಪ ತುಂಬಿಕೊಂಡರೆ ಅಗಲ ಸಿಗುತ್ತದೆ. ಇಂಥವರು ನೆತ್ತಿಯ ಮೇಲೆ ಗೋಪುರ ಕಟ್ಟಬಾರದು. ಚೌಕ ಮುಖದವರ ಕೂದಲು ಸರಿಯಾಗಿ ದವಡೆಯ ಮಟ್ಟಕ್ಕೆ ನಿಂತರೆ ದವಡೆಗೆ ಕೆಳಗೆರೆ ಎಳೆದಂತೆ. ಎರಡು ಬೆರಳು ಮೇಲೋ ಕೆಳಗೋ ಇರಲಿ. ವೀಳ್ಯದೆಲೆಯ ಮುಖಕ್ಕೆ ಗದ್ದದ ಅಕ್ಕಪಕ್ಕ ತುಂಬಿಕೊಂಡಷ್ಟೂ ಚೆನ್ನ. ಮೊಟ್ಟೆಯಾಕಾರದವರು ಏನು ಮಾಡಿದರೂ ನಡೆಯುತ್ತದೆ ಎಂದು ಪಾರ್ಲರಿನವರು ಹೇಳುತ್ತಾರೆ. ಅವರನ್ನು ಅವರ ಪಾಡಿಗೆ ಬಿಡೋಣ.

ಎರಡು ಜಡೆ, ರಿಬ್ಬನ್ ಕಡ್ಡಾಯವಿರುವ ಶಾಲೆಯ ಹುಡುಗಿಯರಿಗೆ ಇದರಿಂದ ಏನು ಪ್ರಯೋಜನ? ಇದೆ. ನಿಯಮ ಜಡೆಯ ಸಂಖ್ಯೆಯನ್ನು ಹೇಳುತ್ತದೆ, ಅದು ಎಲ್ಲಿಂದ ಶುರುವಾಗಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಕಿವಿಯ ಪಕ್ಕದಲ್ಲೇ ಮೇಲೆತ್ತಿ ಮಡಿಚಿ ರಿಬ್ಬನ್ನಿನ ಹೂ ಕಟ್ಟಿದರೆ ಮುಖದ ಎರಡೂ ಬದಿಗೆ ಅಗಲ ಸೇರುತ್ತದೆ. ಉದ್ದ ಮುಖಕ್ಕೆ ಅದು ಒಪ್ಪುತ್ತದೆ, ಗುಂಡು ಮುಖವನ್ನು ಇನ್ನಷ್ಟು ಗುಂಡು ಮಾಡುತ್ತದೆ. ಗುಂಡು ಮುಖದ ಹುಡುಗಿಗೆ ಜಡೆಯನ್ನು ಕತ್ತಿನ ಹಿಂಭಾಗದಿಂದ ಶುರುಮಾಡಿ ಹೆಗಲ ಮುಂದೆ ಇಳಿಬಿಟ್ಟರೆ ಉದ್ದ ಗೆರೆಗಳು ಸಿಕ್ಕಿದಂತಾಯಿತು. ಒಂದು ರೂಪಾಯಿ ಖರ್ಚಿಲ್ಲ, ಹೆಡ್‌ಮೇಡಂ ಅವರ ತಕರಾರೂ ಇಲ್ಲ.

ಇಷ್ಟೆಲ್ಲ ಲೆಕ್ಕ ಮಾಡಿದರೂ ಕೂದಲಿಗೆ ಅದರದೇ ಹಟ ಇರುತ್ತದೆ. ನೆತ್ತಿಯ ಹಿಂದಿನ ಸುಳಿ ಯಾವ ಕಡೆ ತಿರುಗಿದೆಯೋ ಆ ಕಡೆಗೆ ಕೂದಲು ಬೀಳುವುದು ಸಹಜ. ಎದುರು ದಿಕ್ಕಿಗೆ ಬಾಚಿದರೆ ಮೊದಲ ಪೀರಿಯಡ್ ಮುಗಿಯುವುದರೊಳಗೆ ಎದ್ದು ನಿಲ್ಲುತ್ತದೆ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ಅಜ್ಜಿಯರು ಹೇಳುವುದುಂಟು. ಅದು ಹಾಗಿರಲಿ, ಎರಡು ಸುಳಿ ಇದ್ದವರು ಹಿಂದೆ ತೀರಾ ಸಣ್ಣಗೆ ಮಾಡಿಸಿದರೆ ಕೋಳಿ ಜುಟ್ಟು ಖಂಡಿತ! ಕೂದಲು ನೇರವೋ ಗುಂಗುರೋ ಎಂಬುದು ಚರ್ಮದೊಳಗಿನ ಬುಡದ ಆಕಾರದಿಂದ ತೀರ್ಮಾನವಾಗುತ್ತದೆ. ಎಣ್ಣೆ ಹಚ್ಚಿ ಅದನ್ನು ಬದಲಿಸಲಾಗದು. ಹವೆಗೂ ಪಾಲುಂಟು. ತೇವಾಂಶಕ್ಕೆ ಕೂದಲು ಶೇಕಡ ಎರಡರಷ್ಟು ಹಿಗ್ಗುತ್ತದೆ. ಸ್ವಿಸ್ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ವಿವರಿಸಿದ ತೇವಾಂಶ ಮಾಪಕಕ್ಕೆ ಮನುಷ್ಯರ ಕೂದಲೇ ಆಧಾರ. ಬೇಸಗೆಯ ಕಲಬುರಗಿಯಲ್ಲಿ ಹೇಳಿದ ಮಾತು ಕೇಳುವ ಕೂದಲು ಜುಲೈ ತಿಂಗಳ ಮಂಗಳೂರಿನಲ್ಲಿ ಕೇಳದಿದ್ದರೆ ಅದು ಶಾಂಪೂವಿನ ದೋಷವಲ್ಲ.

ಒದ್ದೆ ಕೂದಲನ್ನು ಬಾಚಿ ಒಣಗಿಸಿದರೆ ಅದು ಹಾಗೆಯೇ ನಿಲ್ಲುವುದು ಹೈಡ್ರೋಜನ್ ಬಂಧಗಳಿಂದ. ಮತ್ತೆ ನೀರು ಬಿದ್ದರೆ ಹಳೆಯ ರೂಪ. ಪಾರ್ಲರಿನಲ್ಲಿ ಮಾಡುವ 'ಸ್ಟ್ರೇಟನಿಂಗ್' ಮುರಿಯುವುದು ಗಂಧಕದ ಗಟ್ಟಿ ಬಂಧಗಳನ್ನು. ಆದರೆ ಬುಡದಿಂದ ಹೊಸದಾಗಿ ಬರುವುದು ಮತ್ತೆ ಗುಂಗುರೇ, ತಿಂಗಳಿಗೆ ಒಂದು ಸೆಂಟಿಮೀಟರಿನಂತೆ. 'ಕೆರಾಟಿನ್' ಎಂಬ ಹೆಸರಿನಲ್ಲಿ ಹಚ್ಚಿ ಕಾಯಿಸುವ ಕೆಲವು ದ್ರಾವಣಗಳಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಜೀವಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ ಇಟ್ಟ ಸೀಸೆಯ ಫಾರ್ಮಲಿನ್ ಇದೆಯಲ್ಲ, ಅದೇ ವಸ್ತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹುಟ್ಟುಹಬ್ಬದ ಉಡುಗೊರೆಯೆಂದು ಮಗಳನ್ನು ಇಂಥ ಚಿಕಿತ್ಸೆಗೆ ಕರೆದೊಯ್ಯುವ ಮೊದಲು ಬಾಟಲಿಯ ಮೇಲಿನ ಚೀಟಿ ಓದುವುದು ಒಳಿತು. ಕಣ್ಣು ಉರಿಯುವ ವಾಸನೆ ಬಂದರೆ ಎದ್ದು ಬರುವುದೇ ಸರಿ.

ಪಾರ್ಲರಿಗೆ ಹೋಗದ ಮನೆಗಳಲ್ಲೂ ಒಂದು ಅಪಾಯ ಉಂಟು, ಅದರ ಬಗ್ಗೆ ಮಾತಾಡುವವರು ಕಡಿಮೆ. ಬಿಗಿ ಜಡೆ. ಬೆಳಿಗ್ಗೆ ಏಳೂವರೆಗೆ ಬಸ್ಸು, ಸಂಜೆಯ ಟ್ಯೂಷನ್ ಮುಗಿಯುವವರೆಗೂ ಜಡೆ ಬಿಚ್ಚಬಾರದು ಎಂದು ತಾಯಿ ಕೂದಲನ್ನು ಎಳೆದು ಹೆಣೆಯುತ್ತಾಳೆ. "ಅಮ್ಮಾ, ನೋವು" ಎಂದರೆ "ಸುಮ್ನೆ ಕೂತ್ಕೋ, ಲೇಟಾಯ್ತು" ಎಂಬ ಉತ್ತರ. ಒಂದೊಂದು ಎಳೆ ಕೂದಲು 50ರಿಂದ 100 ಗ್ರಾಂ ಭಾರ ತಡೆಯಬಲ್ಲದು. ಆದ್ದರಿಂದ ಎಳೆದಾಗ ಸೋಲುವುದು ಕೂದಲಲ್ಲ, ಅದರ ಬುಡ. ದಿನವೂ ಹತ್ತು ಗಂಟೆ, ವಾರಕ್ಕೆ ಆರು ದಿನ, ವರ್ಷಗಟ್ಟಲೆ ಒಂದೇ ಕಡೆಗೆ ಎಳೆತ ಬಿದ್ದರೆ ಹಣೆಯಂಚಿನಲ್ಲಿ, ಹುಬ್ಬಿಗೂ ಕಿವಿಗೂ ನಡುವಿನ ಕಣತಲೆಯ ಬಳಿ ಕೂದಲು ತೆಳುವಾಗುತ್ತ ಹೋಗುತ್ತದೆ. ಹಣೆ ದೊಡ್ಡದಾಯಿತೆಂದು ಹುಡುಗಿ ಕೊರಗುತ್ತಾಳೆ, ಅದನ್ನು ಮುಚ್ಚಲು ಇನ್ನೂ ಬಿಗಿಯಾಗಿ ಬಾಚುತ್ತಾಳೆ! ಅಷ್ಟು ಹೊತ್ತಿಗೆ ಮುಖದ ಆಕಾರದ ಲೆಕ್ಕವೇ ತಪ್ಪಿರುತ್ತದೆ, ಏಕೆಂದರೆ ಹಣೆಯ ಗೆರೆಯೇ ಹಿಂದೆ ಸರಿದಿದೆ.

ಇದು ದಿನಕ್ಕೆ 50ರಿಂದ 100 ಕೂದಲು ಉದುರುವ ಸಹಜ ಕ್ರಿಯೆಯಂತಲ್ಲ. ಒಂದು ಲಕ್ಷದಷ್ಟು ಕೂದಲಿರುವ ತಲೆಗೆ ಆ ನಷ್ಟ ಲೆಕ್ಕಕ್ಕಿಲ್ಲ, ಉದುರಿದಲ್ಲಿ ಮತ್ತೆ ಬರುತ್ತದೆ. ಎಳೆತದಿಂದ ಉದುರಿದ್ದು ಆರಂಭದಲ್ಲೇ ಜಡೆ ಸಡಿಲಿಸಿದರೆ ಮರಳಿ ಬೆಳೆಯುತ್ತದೆ. ವರ್ಷಗಳು ಕಳೆದು ಬುಡವೇ ಮಾಯ್ದು ಮುಚ್ಚಿಹೋದರೆ ಬೆಳೆಯುವುದಿಲ್ಲ. ಜಡೆ ಹೆಣೆದ ಮೇಲೆ ಹುಬ್ಬು ಮೇಲಕ್ಕೆಳೆದಂತಿದ್ದರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ, ರಾತ್ರಿ ಜಡೆ ಬಿಚ್ಚಿದಾಗ ನೆತ್ತಿ ನೋಯುತ್ತಿದ್ದರೆ ಅದು ಬಿಗಿ ಹೆಚ್ಚಾಯಿತೆಂಬುದರ ಸೂಚನೆ. ಬರೀ ರಬ್ಬರ್ ಬ್ಯಾಂಡಿನ ಬದಲು ಬಟ್ಟೆ ಸುತ್ತಿದ ಬ್ಯಾಂಡು, ವಾರಕ್ಕೊಮ್ಮೆ ಬೈತಲೆಯ ಜಾಗ ಬದಲಾವಣೆ, ಒದ್ದೆ ತಲೆಗೆ ಜಡೆ ಹಾಕದಿರುವುದು, ಮನೆಗೆ ಬಂದ ಕೂಡಲೇ ಬಿಚ್ಚುವುದು. ಮೋಟು ಕೂದಲು ಬೇಕೆಂದು ಹಟ ಮಾಡುವ ಮಗಳ ಮಾತನ್ನು ಈ ದೃಷ್ಟಿಯಿಂದಲೂ ತಾಯಂದಿರು ಕೇಳಿಸಿಕೊಳ್ಳಬಹುದು. ನೀಳ ಜಡೆಯ ಆಸೆ ಹಲವು ಮನೆಗಳಲ್ಲಿ ಮಗಳಿಗಿಂತ ಅಮ್ಮನಿಗೇ ಹೆಚ್ಚು.

ಇನ್ನು ಕತ್ತರಿಯ ಮುಂದೆ ಕೂರುವ ದಿನ. ಸಿನಿಮಾ ನಟನ ಚಿತ್ರ ತೋರಿಸುವುದಕ್ಕಿಂತ, ತನ್ನದೇ ತಲೆಗೆ ಹಿಂದೆ ಯಾವಾಗಲೋ ಚೆನ್ನಾಗಿ ಒಪ್ಪಿದ್ದ ಫೋಟೋ ತೋರಿಸುವುದು ಜಾಣತನ. ಅದೇ ಸುಳಿ, ಅದೇ ಕೂದಲು, ಅದೇ ಮುಖ. ಮೆಷಿನ್ನಿನ ನಂಬರಿಗೂ ಲೆಕ್ಕವಿದೆ. ಒಂದು ನಂಬರ್ ಎಂದರೆ ಅಂಗುಲದ ಎಂಟನೆಯ ಒಂದು ಭಾಗ, ಸುಮಾರು 3 ಮಿಲಿಮೀಟರ್. ಎರಡು ಎಂದರೆ 6. ನೆತ್ತಿಯ ಮೇಲೆ ಬಾಚಲು ಬರುವಂತೆ 4 ಸೆಂಟಿಮೀಟರ್ ಕೂದಲು ಬೇಕೆನ್ನುವ ಹುಡುಗನಿಗೆ ಅಪ್ಪ ಜೂನ್ ಮೊದಲ ವಾರ ಎರಡು ನಂಬರ್ ಹೊಡೆಸಿದರೆ, ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಅದು ಮರಳುವುದು ಸೆಪ್ಟೆಂಬರ್ ನಡುವಿಗೆ. ಅಪ್ಪ-ಮಗ ಇಬ್ಬರೂ ಈ ಗುಣಾಕಾರವನ್ನು ಬೆಂಚಿನ ಮೇಲೆ ಕೂತಾಗಲೇ ಮಾಡಿಕೊಂಡರೆ ಒಂದು ರಾಜಿ ಸಾಧ್ಯ: ಪಕ್ಕಕ್ಕೆ ಅಪ್ಪನ ನಂಬರ್, ನೆತ್ತಿಗೆ ಮಗನ ಕತ್ತರಿ. ಪ್ರವೇಶ ಪತ್ರಕ್ಕೆ ಫೋಟೋ ತೆಗೆಸುವುದಿದ್ದರೆ ಎರಡು ವಾರ ಮೊದಲೇ ಕಟಿಂಗ್ ಮುಗಿಸುವುದು ಮೇಲು. ಅಷ್ಟರಲ್ಲಿ ಅರ್ಧ ಸೆಂಟಿಮೀಟರ್ ಬೆಳೆದು ಕತ್ತರಿಯ ಗುರುತು ಮಾಸಿರುತ್ತದೆ.

ಗುಂಗುರು ಕೂದಲಿನವರು ಮಾತ್ರ ಒಂದು ಮಾತು ಮೊದಲೇ ಹೇಳಿಬಿಡಬೇಕು: "ಒದ್ದೆ ಮಾಡಿ ಕತ್ತರಿಸುವುದಾದರೆ ಎರಡು ಬೆರಳು ಜಾಸ್ತಿ ಬಿಡಿ." ನೀರು ಹಾಕಿ ಬಾಚಿ ಕತ್ತರಿಸುವುದೆಂದರೆ ಸ್ಪ್ರಿಂಗನ್ನು ಎಳೆದು ಹಿಡಿದು ಅಳತೆ ಮಾಡಿದಂತೆ. ಒಣಗಿದ ಮೇಲೆ ಅದು ಸುರುಳಿ ಸುತ್ತಿ ಮೇಲೆ ಹೋಗುತ್ತದೆ. ಅಂಗಡಿಯಲ್ಲಿ ಕಿವಿ ಮುಚ್ಚಿದ್ದ ಕೂದಲು ಮನೆ ಸೇರುವ ಹೊತ್ತಿಗೆ ಕಿವಿಯ ಮೇಲಿರುತ್ತದೆ.